ನಮ್ಮ ತಾತನ ಜೋಡುನಳಿಗೆ ಕೋವಿ

ನಮ್ಮ ಫ್ಲ್ಯಾಟಿನ ಹಾಲ್‌ಗೆ ನಾಲ್ಕು ಗೋಡೆಗಳು. ನಾಲ್ಕೂ ನನ್ನ ಹೆಂಡತಿ ತುಂಗಾಳ ತವರಿನ ವಶದಲ್ಲಿವೆ. ಒಂದರಲ್ಲಿ ಅವಳ ತಾತ ವಕೀಲ ಸೇತುಮಾಧವ ರಾಯರು ಜರಿಪೇಟ ಧರಿಸಿ, ಎದುರು ಕಕ್ಷಿಯವನನ್ನು ನೋಡುವ ಹಾಗೆ ಹಗಲಿಡೀ ನನ್ನನ್ನೇ ನೋಡುತ್ತಿರುತ್ತಾರೆ. ಇನ್ನೊಂದರಲ್ಲಿ ಅವಳಪ್ಪ. ಮೂರನೆಯದರಲ್ಲಿ ಅವಳ ತಮ್ಮ ಪ್ರಮೋದ, ಯಾರೋ ಮಂತ್ರಿಯಿಂದ ಶಾಲು ಹೊದೆಸಿಕೊಳ್ಳುತ್ತಿರುವ ಭಂಗಿಯಲ್ಲಿ. ನಾಲ್ಕನೆಯದರಲ್ಲಿ ಕಿಟಕಿ, ಅದರ ಪರದೆ ಅತ್ತೆಯವರ ಆಯ್ಕೆ. ಮನೆಯೇನೋ ಕಮಲಾಕರ ರಾವ್ ಎಂಬ ನನ್ನ ಹೆಸರಿನಲ್ಲಿದೆ. ಆದರೆ ಕರೆಂಟ್ ಬಿಲ್ಲನ್ನು ಬಿಟ್ಟರೆ ಆ ಹೆಸರು ಬೇರೆಲ್ಲೂ ಕಾಣುವುದಿಲ್ಲ.

ನಮ್ಮ ವಂಶದಲ್ಲೂ ಹೇಳಿಕೊಳ್ಳುವಂಥ ಒಬ್ಬರಿದ್ದರು. ನಮ್ಮ ತಾತ ವೆಂಕೋಬ ರಾಯರು ಫಾರೆಸ್ಟ್ ಆಫೀಸಿನಲ್ಲಿ ಗುಮಾಸ್ತರು. ಅವರ ಕೈಬರಹಕ್ಕೆ ಮೆಚ್ಚಿ ಬಿಳಿ ದೊರೆಯೊಬ್ಬ ತನ್ನ ಜೋಡುನಳಿಗೆ ರೈಫಲ್ ಕೊಟ್ಟು ಹಡಗು ಹತ್ತಿದನಂತೆ. ಆಮೇಲೆ ಅದು ಇದೇ ಊರಿನ ನುಂಗಂಬಾಕ್ಕಂ ಬಡಾವಣೆಯ ಯಾವುದೋ ಡಾಕ್ಟರ ಪಾಲಾಯಿತಂತೆ. ಬೀಗರು ಊಟಕ್ಕೆ ಬಂದಾಗಲೆಲ್ಲ ನಮ್ಮಪ್ಪ ಈ ಕಥೆ ಹೇಳುತ್ತಿದ್ದರು. ಬೀಗರು ಸಾರನ್ನ ಕಲಸುತ್ತ ಮುಗುಳ್ನಗುತ್ತಿದ್ದರು. (ಅದು ಮೆಚ್ಚುಗೆ ಎಂದು ನಾನು ತಿಳಿದಿದ್ದೆ.) ಅಪ್ಪ ಹೋದ ಮೇಲೆ ಕಥೆ ನನ್ನ ಪಾಲಿಗೆ ಬಂತು. ಪ್ರಮೋದನಂತೂ ಪ್ರತಿ ದೀಪಾವಳಿಗೂ, "ಭಾವ, ನಿಮ್ಮ ತಾತ ಹುಲಿ ಹೊಡೆದದ್ದು ಕಾಡಿನಲ್ಲೋ, ಫೈಲಿನಲ್ಲೋ?" ಎಂದು ಕೇಳದೆ ಹೋಳಿಗೆಗೆ ಕೈ ಹಾಕುತ್ತಿರಲಿಲ್ಲ.

ಹೀಗಿರುವಾಗ, ನುಂಗಂಬಾಕ್ಕಂನಲ್ಲಿ ಹಳೆಯ ಡಾಕ್ಟರೊಬ್ಬರ ಬಂಗಲೆ ಕೆಡವುತ್ತಿದ್ದಾರೆ, ಅಟ್ಟದಲ್ಲಿ ಜೋಡುನಳಿಗೆ ರೈಫಲ್ ಸಿಕ್ಕಿದೆ ಎಂಬ ಸುದ್ದಿ ಬಂತು. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಸೇತುಮಾಧವ ರಾಯರ ಎದುರು ಗೋಡೆಯಲ್ಲಿ, ಪ್ರಮೋದನ ಶಾಲನ್ನು ಆಚೆ ಸರಿಸಿ, ನಮ್ಮ ತಾತನ ಕೋವಿ ನೇತಾಡುವುದೇ ಕಣ್ಣಿಗೆ ಕಟ್ಟುತ್ತಿತ್ತು.

ಬೆಳಿಗ್ಗೆ ಹೊರಟಾಗ ತುಂಗಾ ಚಪ್ಪಲಿ ಮೆಟ್ಟಿ ಸಿದ್ಧವಾಗಿದ್ದಳು.

"ನಿಮ್ಮೊಬ್ಬರನ್ನೇ ಕಳಿಸಿದ್ರೆ ಕೋಯಂಬೇಡು ಮಾರ್ಕೆಟ್ಟಿನ ಬದನೇಕಾಯಿ ಕಥೇನೇ ಆಗೋದು," ಎಂದಳು. (ಆವತ್ತು ಎರಡು ಕಿಲೋ ತಂದಿದ್ದೆ. ಹುಳವಿಲ್ಲದವು ಮೂರು.)

ದಾರಿಯಲ್ಲಿ, "ಕೋವಿ ಅಂದ್ರೆ ನೆನಪಾಯ್ತು ನೋಡಿ, ನಮ್ಮ ತಾತನಿಗೂ ಒಬ್ಬ ಜಮೀನ್ದಾರ..." ಎಂದು ಶುರು ಮಾಡಿದಳು. 'ನಮ್ಮ ತಾತ' ಎಂಬ ಶಬ್ದ ಬಿದ್ದ ಕೂಡಲೇ ತಾನಾಗಿ ಮುಚ್ಚಿಕೊಳ್ಳುವಂತೆ ನನ್ನ ಕಿವಿಗಳನ್ನು ಮೂವತ್ತು ವರ್ಷದಿಂದ ಪಳಗಿಸಿದ್ದೇನೆ.

"ಇವತ್ತು ನಿಮ್ಮ ತಾತ ಬೇಡ ತುಂಗಾ. ಇವತ್ತು ನಮ್ಮ ತಾತನ ದಿನ," ಎಂದೆ.

ಬಂಗಲೆಯಲ್ಲಿ ಡಾಕ್ಟರ ಮೊಮ್ಮಗ ಅಜಯ್ ಕೋವಿಯನ್ನು ಹಳೆ ಪಂಚೆಯಲ್ಲಿ ಸುತ್ತಿ ತಂದ. "ತಾತಂಗೆ ಯಾರೋ ಪೇಷೆಂಟ್ ಮನೆಯವರು ಕೊಟ್ಟದ್ದಂತೆ ಅಂಕಲ್," ಎಂದ. ನಮ್ಮ ಮನೆಯವರಲ್ಲದೆ ಇನ್ಯಾರು? ಪರೀಕ್ಷೆಗೆಂದು ಕೋವಿ ರಿಪೇರಿಯ ಸಮೀರ್ ಭಾಯ್ ಬಂದಿದ್ದರು. ಅವರು ತಮಿಳಿನಲ್ಲಿ ಹೇಳಿದ ಕಾಯಿದೆಯ ತಾತ್ಪರ್ಯ ಇಷ್ಟು: ಗುಂಡು ಹಾರಿಸುವಂತಿದ್ದರೆ ಲೈಸೆನ್ಸ್ ಬೇಕು, ರಿಪೇರಿ ಮಾಡಿದರೂ ಹಾರದು ಎಂದಾದರೆ ಮಾತ್ರ ಲೈಸೆನ್ಸ್ ಇಲ್ಲದೆ ಗೋಡೆಗೆ ಹಾಕಬಹುದು. ಹಾಗಾಗಿ ಲೋಕದಲ್ಲಿ ಎಲ್ಲರೂ ಕೊಳ್ಳುವ ವಸ್ತು ಗಟ್ಟಿಯಾಗಿರಲಿ ಎಂದು ಬೇಡಿಕೊಂಡರೆ ನಾನೊಬ್ಬ, ಗುರುರಾಯರೇ, ಇದು ಪೂರ್ತಿ ಹಾಳಾಗಿರಲಿ ಎಂದು ಹರಕೆ ಹೊತ್ತು ನಿಂತೆ.

ಸಮೀರ್ ಭಾಯ್ ನಳಿಗೆಗಳನ್ನು ಹಿಡಿಯಿಂದ ಬೇರ್ಪಡಿಸಿ, ದಾರದಲ್ಲಿ ತೂಗಬಿಟ್ಟು, ಬೆರಳ ಗೆಣ್ಣಿನಿಂದ ತಟ್ಟಿದರು. ಎರಡು ನಳಿಗೆಗಳ ಬೆಸುಗೆ ಗಟ್ಟಿಯಾಗಿದ್ದರೆ ಗಂಟೆಯ ಹಾಗೆ ನಾದ ಬರಬೇಕಂತೆ. ಬಂದದ್ದು 'ಡಬ್' ಎಂಬ ಸದ್ದು.

"ಪುರಸೈವಾಕ್ಕದಲ್ಲಿ ಪಾತ್ರೆ ತೊಗೊಳ್ವಾಗ ನಾನೂ ಹೀಗೇ ತಟ್ಟೋದು," ಎಂದಳು ತುಂಗಾ. "ಇದು ಬಿರುಕು ಬಿಟ್ಟ ಪಾತ್ರೆ. ಹಳೇ ಸಾಮಾನಿನವನೂ ತೊಗೊಳ್ಳಲ್ಲ."

"ಅಮ್ಮಾ ಕರೆಕ್ಟಾ ಸೊನ್ನಾಂಗ," ಎಂದು ಸಮೀರ್ ಭಾಯ್ ಅವಳ ಮಾತೇ ಸರಿಯೆಂದು ತಲೆದೂಗಿದರು. ನನಗೆ ಆನಂದ. ಟಾರ್ಚ್ ಬಿಟ್ಟು ನೋಡಿದರೆ ಎಡ ನಳಿಗೆಯೊಳಗೆ ಗುಂಡನ್ನು ತಿರುಗಿಸಿ ಬಿಡುವ ಗೀರುಗಳೆಲ್ಲ ತುಕ್ಕಿಗೆ ಆಹುತಿ. ಬಲ ನಳಿಗೆ ನಡುವಿನಲ್ಲಿ ಉಬ್ಬಿತ್ತು. ಎರಡು ಕುದುರೆಗಳಲ್ಲಿ (ಗುಂಡು ಸಿಡಿಸಲು ಬಡಿಯುವ ಕೋವಿಯ ಕೊಕ್ಕೆಗಳವು, ಗಾಬರಿಯಾಗಬೇಡಿ) ಒಂದು ಮುರಿದಿತ್ತು. ಮರದ ಹಿಡಿ ಸೀಳಿ, ಯಾರೋ ಮೇಣ ಮೆತ್ತಿದ್ದರು. ಒಂದೊಂದು ಐಬು ಹೊರಬಿದ್ದಾಗಲೂ ನನ್ನ ಮುಖ ಅರಳುತ್ತಿತ್ತು.

"ಕೆಟ್ಟಿದೆ ಅಂತ ಗೊತ್ತಾದ್ಮೇಲೂ ಹಲ್ಲು ಕಿರಿದುಕೊಂಡು ಕೊಳ್ಳೋ ಮನುಷ್ಯರನ್ನ ಇವತ್ತೇ ನೋಡ್ತಿರೋದು," ಎಂದಳು ತುಂಗಾ.

ಹಿಡಿಯ ಅಡಿಯಲ್ಲಿ ಕಪ್ಪುಗಟ್ಟಿದ ಬೆಳ್ಳಿಯ ಬಿಲ್ಲೆಯೊಂದಿತ್ತು. ಮಾಲೀಕನ ಹೆಸರು ಅದರ ಮೇಲೆ ಕೆತ್ತಿರುತ್ತದೆ, ಉಜ್ಜಿದರೆ ಕಾಣುತ್ತದೆ ಎಂದರು ಸಮೀರ್ ಭಾಯ್. ಅಲ್ಲೇ ಉಜ್ಜಿ ನೋಡುವುದು ಬುದ್ಧಿವಂತರ ಲಕ್ಷಣ. ನಾನು ಮಾತ್ರ, ಪ್ರಮೋದನ ಕಣ್ಣೆದುರಿಗೇ ಉಜ್ಜಿಸಬೇಕೆಂದು ತೀರ್ಮಾನಿಸಿ ಕೋವಿಯನ್ನು ಕೊಂಡೆ. (ಬೆಲೆ ಬರೆಯುವುದಿಲ್ಲ. ತುಂಗಾ ಇದನ್ನು ಓದುತ್ತಾಳೆ.) ಕೋವಿ ಹಾರದೆಂದು ಸಮೀರ್ ಭಾಯ್ ನನ್ನ ಹೆಸರಿಗೆ ಸರ್ಟಿಫಿಕೇಟ್ ಬರೆದರು, ಪೊಲೀಸ್ ಸ್ಟೇಷನ್ನಿನಲ್ಲಿ ಸೀಲು ಬಿತ್ತು. ಯಾರಾದರೂ ಕೇಳಿದರೆ ತೋರಿಸಲು ಅದನ್ನು ಕೋವಿಯ ಪಕ್ಕದಲ್ಲೇ ಗೋಡೆಗೆ ಹಾಕಿ ಎಂದೂ ಹೇಳಿದರು.

ಭಾನುವಾರ ಅನಾವರಣ ಸಮಾರಂಭ. ನಾನೇ ಮೊಳೆ ಹೊಡೆದೆ. ಪ್ರಮೋದನ ಫೋಟೋ ಚಪ್ಪಲಿ ಸ್ಟ್ಯಾಂಡಿನ ಮೇಲಕ್ಕೆ ವರ್ಗವಾಯಿತು. ಪ್ರಮೋದನನ್ನು ಎದುರಿಗೆ ಕೂರಿಸಿ, ವೆಂಕೋಬ ರಾಯರ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿದೆ. ತುಂಗಾ ಹಲ್ಲುಪುಡಿ ಹಾಕಿ ಬಿಲ್ಲೆ ಉಜ್ಜಿದಳು. ಮಗಳು ಮಾನ್ಯಾ ಓದಲು ಬಗ್ಗಿದಳು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವ ಪೈಕಿ ಅವಳು.

"ಅಪ್ಪಾ," ಎಂದಳು ಮೆಲ್ಲಗೆ, "ಇದು ಅಮ್ಮಾವೋಡ ತಾತ್ತಾ ಪೇರು ಪಾ."

ನಾನೂ ಕನ್ನಡಕ ಏರಿಸಿ ನೋಡಿದೆ. ವಕೀಲ ಸೇತುಮಾಧವ ರಾಯರಿಗೆ, ದಾವೆ ಗೆದ್ದುಕೊಟ್ಟ ಸಲುವಾಗಿ, ಎಂದು ದುಂಡಗೆ ಇಂಗ್ಲಿಷಿನಲ್ಲಿ ಕೆತ್ತಿತ್ತು.

"ಮದುವೆಯಾದ ವರ್ಷದಿಂದ ಹೇಳ್ತಾನೇ ಇದೀನಿ," ಎಂದಳು ತುಂಗಾ, ಕೈ ಒರೆಸಿಕೊಳ್ಳುತ್ತ. "ಜಮೀನ್ದಾರ ಫೀಸಿನ ಬದಲು ಕೋವಿ ಕೊಟ್ಟ. ಮಡಿ ಮನೇಲಿ ಇದು ಬೇಡ ಅಂತ ಅಜ್ಜಿ ಅದನ್ನ ನುಂಗಂಬಾಕ್ಕಂ ಡಾಕ್ಟರಿಗೆ ದಾಟಿಸಿದರು. ಒಂದು ದಿನವಾದರೂ ಪೂರ್ತಿ ಕೇಳಿದೀರಾ?"

"ಹಾಗಾದರೆ ನಮ್ಮ ತಾತಂದು?" ಎಂದೆ.

ತುಂಗಾ ಹಲ್ಲುಪುಡಿಯ ಡಬ್ಬಿಗೆ ಮುಚ್ಚಳ ಹಾಕಿದಳು. "ನಮ್ಮ ನಿಶ್ಚಿತಾರ್ಥದ ದಿನ ಅಜ್ಜಿ ಈ ಕಥೆ ಹೇಳಿದಾಗ ನಿಮ್ಮಪ್ಪ ಪಕ್ಕದಲ್ಲೇ ಕೂತಿದ್ರು," ಎಂದಳು.

ನಾನು ಯೋಚಿಸಿದೆ. ಮದುವೆಗೆ ಮುಂಚೆ ಅಪ್ಪ ಕೋವಿಯ ಮಾತೆತ್ತಿದ್ದು ಒಂದು ಸಲವೂ ನೆನಪಾಗಲಿಲ್ಲ. ಬೀಗರ ಮುಂದೆ ಹೇಳಿಕೊಳ್ಳಲು ಪಾಪ ಅವರಿಗೂ ಏನಾದರೊಂದು ಬೇಕಿತ್ತು. ಬೀಗರಿಂದಲೇ ಎರವಲು ತಂದು ಬೀಗರಿಗೇ ಬಡಿಸಿದ್ದರು. ಅವರೂ ಅಷ್ಟು ವರ್ಷ ಮರ್ಯಾದೆಯಿಂದ ಉಂಡಿದ್ದರು. ಅಪ್ಪನ ಮೇಲೆ ಸಿಟ್ಟು ಬರಲಿಲ್ಲ. ಪ್ರಮೋದ ಕೂಡ ಆ ದಿನ ತಮಾಷೆ ಮಾಡಲಿಲ್ಲ, ಅದನ್ನಂತೂ ನನ್ನಿಂದ ಸಹಿಸಲಾಗಲಿಲ್ಲ.

ಕೋವಿ ಈಗ ಸೇತುಮಾಧವ ರಾಯರ ಫೋಟೋದ ಕೆಳಗಿದೆ. ನಾನು ಹೊಡೆದ ಮೊಳೆ ಖಾಲಿ ಕಾಣುತ್ತದೆಂದು ಪ್ರಮೋದ ಸರ್ಟಿಫಿಕೇಟಿಗೆ ಒಳ್ಳೆಯ ಫ್ರೇಮು ಹಾಕಿಸಿ ಅಲ್ಲಿಗೆ ತೂಗಿಸಿದ್ದಾನೆ. ಅಂತೂ ಹಾಲ್‌ನಲ್ಲಿ ನನ್ನ ಹೆಸರು ಬಂತು. ಮನೆಗೆ ಬಂದವರು ಅದರ ಮುಂದೆ ನಿಂತು ಓದುತ್ತಾರೆ: "ಕಮಲಾಕರ ರಾವ್. ಬಹಳ ಹಳೆಯದು. ರಿಪೇರಿ ಮಾಡಿದರೂ ಉಪಯೋಗಕ್ಕೆ ಬಾರದು. ಯಾರಿಗೂ ಅಪಾಯವಿಲ್ಲ." ಆಮೇಲೆ ತಿರುಗಿ ನನ್ನನ್ನೊಮ್ಮೆ ನೋಡಿ, ಕಾಫಿಗೆ ಕೂರುತ್ತಾರೆ.