ಮಾಡೆಲ್ ಫ್ಲಾಟಿನಲ್ಲಿ ಸಿಕ್ಕ ಕಾದಂಬರಿ

ಒಳ್ಳೆಯ ಪುಸ್ತಕ ಎಲ್ಲಿ ಸಿಗುತ್ತದೆಂದು ಹೇಳಲು ಬರುವುದಿಲ್ಲ. ಪುಸ್ತಕದಂಗಡಿಗೆ ಹೋದರೆ ನನ್ನ ಕೈಗೆ ಬರುವುದು ಬೇಗ ಶ್ರೀಮಂತರಾಗುವುದು ಹೇಗೆಂಬ ಪುಸ್ತಕ. ಒಳ್ಳೆಯವೆಲ್ಲ ಹುಡುಕದ ಜಾಗದಲ್ಲೇ ಸಿಕ್ಕಿವೆ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಒಮ್ಮೆ ಬೇರಿಂಗ್ ಸುತ್ತಿಟ್ಟಿದ್ದ ಹಾಳೆಗಳನ್ನು ಬಿಡಿಸುತ್ತಾ ಸೊಗಸಾದ ಪ್ರವಾಸಕಥನವೊಂದನ್ನು ಅರ್ಧ ಓದಿದ್ದೆ. ಉಳಿದರ್ಧ ಬೇರಿಂಗ್ ಸಮೇತ ಗಿರಾಕಿಗೆ ರವಾನೆಯಾಗಿತ್ತು. ಆ ಲೇಖಕರು ಹಿಮಾಲಯದಿಂದ ಇಳಿದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಅಂದಿನಿಂದ ಕೊನೆ ತಿಳಿಯದ ಪುಸ್ತಕವೆಂದರೆ ನನಗೆ ಹಲ್ಲಿನ ಸಂದಿಯಲ್ಲಿ ಅಡಿಕೆ ಚೂರಿದ್ದಂತೆ.

ನಾವಿದ್ದದ್ದು ಚಿಕ್ಕಬಾಣಾವರದ ಬಾಡಿಗೆ ಮನೆಯಲ್ಲಿ. ಬಾಡಿಗೆ ಮನೆಯ ಬಗ್ಗೆ ನನಗೆ ಅಪಾರ ಗೌರವ. ನಲ್ಲಿ ಸೋರಿದರೆ ಓನರ್‌ಗೆ ಹೇಳಿ ಮಗ್ಗುಲಾಗಬಹುದು. ನನ್ನ ಹೆಂಡತಿ ಗಿರಿಜೆಗೆ ಈ ಸುಖ ಅರ್ಥವಾಗುತ್ತಿರಲಿಲ್ಲ. ದಾವಣಗೆರೆಯ ಸ್ವಂತ ಮನೆಯಲ್ಲಿ ಬೆಳೆದವಳು. ಗೋಡೆಗೊಂದು ಮೊಳೆ ಹೊಡೆಯಲೂ ಇನ್ನೊಬ್ಬರ ಅಪ್ಪಣೆ ಬೇಕಲ್ಲ ಎಂಬ ಕೊರಗು. "ಬರೀ ನೋಡ್ಕೊಂಡು ಬರೋಣ ಬನ್ರೀ, ನೋಡೋಕೂ ದುಡ್ಡು ಕೊಡ್ಬೇಕಾ?" ಎಂದು ಒಂದು ಭಾನುವಾರ, ಹತ್ತಿರದಲ್ಲೇ ಕಟ್ಟಿ ಮುಗಿಸಿದ್ದ ಅಪಾರ್ಟ್‌ಮೆಂಟಿನ ಮಾಡೆಲ್ ಫ್ಲಾಟಿಗೆ ನನ್ನನ್ನು ಎಳೆದುಕೊಂಡು ಹೋದಳು.

ಮಾಡೆಲ್ ಫ್ಲಾಟೆಂದರೆ ಗಿರಾಕಿಗಳಿಗೆ ತೋರಿಸಲು ಸಿಂಗರಿಸಿಟ್ಟ ಮನೆ. ಅಲ್ಲಿ ಟೀವಿ ರಟ್ಟಿನದು. ಸೇಬು ಪ್ಲಾಸ್ಟಿಕ್ಕಿನದು; ಕಚ್ಚಿದ ಮೇಲೆ ಗೊತ್ತಾಯಿತು. ಟೀಪಾಯಿಯ ಮೇಲೆ, ಕಿಟಕಿ ಪರದೆಗೆ ಮ್ಯಾಚಿಂಗ್ ಆಗಲೆಂದು ಬಂಗಾರದ ಕಾಗದ ಹೊದಿಸಿದ ದಪ್ಪ ಪುಸ್ತಕವೊಂದಿತ್ತು. ಅದೂ ಡೂಪ್ಲಿಕೇಟೇ ಇರಬೇಕೆಂದು ತೆರೆದರೆ, ಒಳಗೊಂದು ಹಳೆಯ ಕನ್ನಡ ಕಾದಂಬರಿ!

"ಅಯ್ಯೋ, ಇದು ಒರಿಜಿನಲ್ಲು!" ಎಂದೆ.

"ಎಲ್ಲಾ ಒರಿಜಿನಲ್ ಟೈಲ್ಸ್ ಸಾರ್," ಎಂದ, ಫ್ಲಾಟು ಮಾರುವ ಚೇತನ್.

ಹೆಸರಿನ ಪುಟ ಹರಿದುಹೋಗಿತ್ತು. ಯಾರೂ ಎತ್ತಿಕೊಂಡು ಹೋಗದಿರಲೆಂದು ಪುಸ್ತಕವನ್ನು ಟೀಪಾಯಿಗೇ ಅಂಟಿಸಿದ್ದರು. ಬಗ್ಗಿ ಓದಿದೆ. ಬಾಡಿಗೆ ಮನೆಯ ಒಬ್ಬ ಮೇಷ್ಟ್ರು; ಸ್ವಂತ ಮನೆ ಕಟ್ಟಿಸಿ ಎಂದು ದುಂಬಾಲು ಬಿದ್ದ ಹೆಂಡತಿ. ಮೇಷ್ಟ್ರು ಕಟ್ಟಿಸುತ್ತಾರೋ ಇಲ್ಲವೋ? ನನಗೆ ಬೇಕಾಗಿದ್ದ ಪ್ರಶ್ನೆಯೇ ಅದು. ಎಂಥಾ ಬರವಣಿಗೆ ಅಂತೀರಿ! ಸೊಂಟ ಹಿಡಿದುಕೊಂಡದ್ದೂ ತಿಳಿಯಲಿಲ್ಲ.

ಮುಂದಿನ ಭಾನುವಾರ ನಾನೇ "ನಡಿ, ಇನ್ನೊಂದ್ಸಲ ನೋಡ್ಕೊಂಡು ಬರೋಣ" ಎಂದೆ. ಗಿರಿಜೆ ತಕ್ಷಣ ಸೀರೆ ಬದಲಾಯಿಸಿದಳು. ಆಮೇಲೆ ಅದೇ ರೂಢಿಯಾಯಿತು. ನಾನು ಟೀಪಾಯಿಗೆ ಬಾಗಿದರೆ ಅವಳು ಅಡುಗೆಮನೆಯನ್ನು ಗೇಣಿನಲ್ಲಿ ಅಳೆಯುವಳು. ಚೇತನ್ ಟೀ ತರಿಸುವನು. "ಸಾರ್‌ಗೆ ಹಾಲ್ ತುಂಬಾ ಹಿಡಿಸ್ಬಿಟ್ಟಿದೆ ಮೇಡಂ, ಎದ್ದೇಳೋದೇ ಇಲ್ಲ," ಎನ್ನುವನು.

ಕಡೆಗೊಂದು ಭಾನುವಾರ ಮೇಷ್ಟ್ರು ದುಡ್ಡಿನ ಪೆಟ್ಟಿಗೆಯ ಬೀಗ ತೆಗೆದು ಹೆಂಡತಿಯ ಮುಖ ನೋಡಿದರು. ನಾನು ಹಾಳೆ ತಿರುಗಿಸಲು ಹೋದೆ. ಬರಲಿಲ್ಲ. ಕೆಳಗಿನ ಅಂಟನ್ನು ಹೀರಿಕೊಂಡು ಕೊನೆಯ ಹಾಳೆಗಳೆಲ್ಲ ಒಣಗಿದ ರೊಟ್ಟಿಯಾಗಿದ್ದವು. ಉಗುರು ಹಾಕಿ ಎಬ್ಬಿಸಿದರೆ ಚೂರು ಚೂರಾಗಿ ಬಂತು. ನನಗೆ ಅಳುವೇ ಬಂದಂತಾಯಿತು. ಗಿರಿಜೆ ಹೆಗಲ ಮೇಲಿಂದ ಬಗ್ಗಿ ಎರಡು ಸಾಲು ಓದಿದಳು.

"ಓ, ಇದಾ? ಕಾಲೇಜಲ್ಲಿದ್ದಾಗ ಲೈಬ್ರರೀಲಿ ಓದಿದ್ದೆ."

"ಕೊನೇಲಿ ಏನಾಗುತ್ತೆ?"

"ಈ ಮನೆ ನಮ್ಮ ಹೆಸರಿಗೆ ರಿಜಿಸ್ಟರ್ ಆಗ್ಲಿ, ಹೇಳ್ತೀನಿ."

ನಾನು ಬಗ್ಗುವ ಆಸಾಮಿಯಲ್ಲ. ಕೆಲವು ದಿನ ತಡೆದುಕೊಂಡೆ. ಆ ದಿನಗಳಲ್ಲಿ ಕಾರ್ಖಾನೆಯಲ್ಲಿ ಸರಿಯಿದ್ದ ಮಾಲನ್ನು ವಾಪಸು ಕಳಿಸಿ, ಕೆಟ್ಟಿದ್ದನ್ನು ಪಾಸು ಮಾಡಿ ಮ್ಯಾನೇಜರ್ ಕೈಲಿ ಬೈಸಿಕೊಂಡೆ. ಮಾಡೆಲ್ ಫ್ಲಾಟಿನ ಖಾಲಿ ಗೋಡೆಯೊಂದರ ಮೇಲೆ ಕೈಯಾಡಿಸಿ ಗಿರಿಜೆ "ಇಲ್ಲಿ ಅಪ್ಪಾಜಿ ಫೋಟೋ ಹಾಕ್ಬೋದು" ಎಂದದ್ದು ಕೇಳಿ ನನಗೂ ಪಾಪ ಎನಿಸಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಬ್ಯಾಂಕಿನಲ್ಲಿ ಸಾಲಕ್ಕೆ ಸಹಿ ಹಾಕಿಸಿದವರು ಮಾತ್ರ ಆ ಮೇಷ್ಟ್ರೇ.

ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಇಳಿಯುತ್ತಲೇ ಕೇಳಿದೆ: "ಈಗ ಹೇಳು, ಕಟ್ಟಿಸ್ತಾರಾ?"

"ಇಲ್ಲ ಕಣ್ರೀ. ಕೊನೇವರ್ಗೂ ಬಾಡಿಗೆ ಮನೇಲೇ ಇರ್ತಾರೆ," ಎಂದಳು, ಪತ್ರಗಳನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಾ. "ತುಂಬಾ ಸುಖವಾಗಿ."

ಮೊನ್ನೆ ಹೊಸ ಮನೆಯ ನಲ್ಲಿ ಸೋರತೊಡಗಿತು. ರೂಢಿಬಲದಿಂದ "ಓನರ್‌ಗೆ ಹೇಳು" ಎಂದು ಮಗ್ಗುಲಾದೆ. ಗಿರಿಜೆ ಅಡುಗೆಮನೆಯಿಂದ ಬಂದು, ಮಂಚದ ಪಕ್ಕ ನಿಂತು, ನನಗೇ ಹೇಳಿದಳು.