ಬೆವರಿಗೆ ಬಣ್ಣ ಹಚ್ಚಿದ ಕೆಂಪು ಮಾತ್ರೆಯವರಿಗೆ

ಪರಮ ಮಾನ್ಯರೂ, ಬರಿಹೊಟ್ಟೆಯವರಿಗೆ ಮಾತ್ರ ದರ್ಶನ ಕೊಡುವವರೂ ಆದ ಕೆಂಪು ಮಾತ್ರೆಯವರೇ,

ಕ್ಷಯದ ಮದ್ದುಗಳಲ್ಲೆಲ್ಲ ದೊಡ್ಡವರಾದ ತಮಗೆ, ಓದು ಅರ್ಧಕ್ಕೇ ಬಿಟ್ಟ ಇಸ್ತ್ರಿ ಅಂಗಡಿಯ ಮುದುಕನ ನಮಸ್ಕಾರಗಳು. ರಿಫಾಂಪಿಸಿನ್ ಎಂಬ ತಮ್ಮ ಹೆಸರು ನನ್ನ ಬಾಯಲ್ಲಿ ಹೊರಳದ ಕಾರಣ ಬಣ್ಣ ಹಿಡಿದು ಕರೆದಿದ್ದೇನೆ, ಬೇಸರಿಸಬಾರದು.

ನನ್ನ ಎದೆಯೊಳಗಿನ ರೋಗಾಣುಗಳನ್ನು ತಾವು ಬಡಿದು ಹಾಕುತ್ತಿರುವುದಕ್ಕೆ ತಕರಾರಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಣಂತಿ ಮಗಳೂ ಎಳೆ ಮೊಮ್ಮಗಳೂ ಇದ್ದಾರೆ. ಕಫದ ಪರೀಕ್ಷೆಯಲ್ಲಿ ಪಾಸಾಗುವವರೆಗೆ ಕೂಸನ್ನು ಮುಟ್ಟಕೂಡದೆಂದು ಡಾಕ್ಟರ ಅಪ್ಪಣೆಯಾದ್ದರಿಂದ, ತಮ್ಮ ಸಹಾಯ ನನಗೆ ಬೇಕೇ ಬೇಕು. ಆದರೆ ಬಡಿಯುವವರು ಬಡಿದು ಸುಮ್ಮನಿರದೆ, ನನ್ನ ಬೆವರಿಗೆ ಕಿತ್ತಳೆ ಬಣ್ಣ ಹಚ್ಚುವ ಉಸಾಬರಿ ಯಾಕೆ? ಹೀಗಾಗುತ್ತದೆಂದು ನರ್ಸಮ್ಮ ಮೊದಲೇ ಹೇಳಿದ್ದರಂತೆ. ನಾನು ಗೊತ್ತು ಗೊತ್ತು ಎಂದು ಎದ್ದು ಬಂದ ಮಹಾಜ್ಞಾನಿ. ಮೂತ್ರ ಕೆಂಪಾದಾಗ ಮೈ ಉಷ್ಣವೆಂದು ನೀರು ಕುಡಿದೆ. ನಾನು ಇಸ್ತ್ರಿ ಮಾಡಿಕೊಟ್ಟ ಮೇಷ್ಟ್ರ ಬಿಳಿ ಅಂಗಿಯ ಬೆನ್ನಿನ ಮೇಲೆ ಚುಕ್ಕಿಗಳು ಕಂಡಾಗ, ಅವರದೇ ಕೆಂಪು ಪೆನ್ನು ಸೋರಿದೆಯೆಂದು ಬೀದಿಯಲ್ಲಿ ನಿಂತು ಹಾರಾಡಿದೆ. ಪೆನ್ನನ್ನು ಬೆನ್ನಿಗೆ ಸಿಕ್ಕಿಸಿಕೊಂಡು ಪಾಠ ಮಾಡುವವರನ್ನು ಎಲ್ಲಿ ನೋಡಿದ್ದೀಯಪ್ಪಾ ಎಂದು ಅವರು ಕೇಳಿದ್ದಕ್ಕೆ, ಇಲ್ಲೇ ನೋಡ್ತಾ ಇದೀನಲ್ಲ ಎಂದೆ. ಅವರ ಬಟ್ಟೆ ಈಗ ಎದುರಿನ ಅಂಗಡಿಗೆ ಹೋಗುತ್ತದೆ.

ನಿಜ ತಿಳಿದ ಮೇಲೆ ನನ್ನ ಬುದ್ಧಿ ಇನ್ನಷ್ಟು ಚುರುಕಾಗಿ, ತಮ್ಮನ್ನು ದವಡೆಯಲ್ಲಿ ಅಡಗಿಸಿಟ್ಟು ಇಸ್ತ್ರಿ ಪೆಟ್ಟಿಗೆಯ ಕೆಂಡಕ್ಕೆ ಉಗಿಯತೊಡಗಿದೆ. ಅಂಗಿಗಳು ಹಾಲಿನಂತಾದವು, ಗಿರಾಕಿಗಳು ಹೊಗಳಿದರು, ನಾನು ಎದೆ ಸೆಟೆಸಿದೆ. ಮನೆಯಾಕೆ ಮಾತ್ರ ನನ್ನ ಕತ್ತಿನ ಟವೆಲು ಬೆಳ್ಳಗಿರುವುದನ್ನು ನೋಡಿ ಬೆಚ್ಚಿದಳು. ರೀ, ಅಂಗಿ ಕೊಳೆಯಾದರೆ ಒಗೀಬಹುದು, ನಿಮ್ಮ ಎದೆ ತಗೊಂಡು ಯಾವ ಕಲ್ಲಿಗೆ ಬಡೀಲಿ, ಎಂದಳು. ಅರ್ಧ ಸತ್ತ ರೋಗ ಹಟ ಹಿಡಿದು ಮೇಲೆದ್ದರೆ ಈ ಕೆಂಪು ಮಾತ್ರೆಗೂ ಬಗ್ಗುವುದಿಲ್ಲವೆಂದು ಡಾಕ್ಟರು ಚೆನ್ನಾಗಿ ಬೈದರು. ಮಗಳು ಬೈಯಲಿಲ್ಲ; ಕೂಸಿನೊಂದಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಜಗಳಗಂಟನಾದ ನನಗೆ ಮುಚ್ಚಿದ ಬಾಗಿಲಿನ ಜೊತೆ ಜಗಳವಾಡುವುದು ಮಾತ್ರ ಗೊತ್ತಿಲ್ಲ.

ಅಂದಿನಿಂದ ಮನೆಯಾಕೆಯ ಮುಂದೆ ತಮ್ಮನ್ನು ನುಂಗಿ, ಬಾಯಿ ಕಳೆದು, ನಾಲಿಗೆ ಎತ್ತಿ ತೋರಿಸುತ್ತಿದ್ದೇನೆ. ಅಂಗಡಿಯ ಮುಂದೆ, ಬಿಳಿ ಬಟ್ಟೆ ತೆಗೆದುಕೊಳ್ಳುವುದಿಲ್ಲ ಎಂಬ ಹಲಗೆ ತೂಗುತ್ತಿದೆ. ಇಷ್ಟಾದ ಮೇಲೂ ತಮಗೆ ಬಣ್ಣ ಹಚ್ಚುವ ಚಪಲ ತೀರದಿದ್ದರೆ, ದಯವಿಟ್ಟು ಕಪ್ಪು ಬಣ್ಣ ತಂದು ನನ್ನ ತಲೆಗೂದಲಿಗೆ ಹಚ್ಚಬೇಕೆಂದು ಕೋರುತ್ತೇನೆ. ಹಾಗೆಯೇ, ಮುಂಗೋಪಕ್ಕೂ ಒಂದು ಮಾತ್ರೆ ತಮ್ಮ ಬಳಗದಲ್ಲಿದ್ದರೆ ಕಳಿಸಿಕೊಡಿ. ಅದನ್ನು ಉಗಿಯದಂತೆ ನೋಡಿಕೊಳ್ಳಲು ಇಡೀ ಬೀದಿಯೇ ಸಿದ್ಧವಿದೆ.

ನಿನ್ನೆ ನನ್ನ ಕಫದಲ್ಲಿ ರೋಗಾಣು ಸಿಗಲಿಲ್ಲ. ಆದರೂ ಮಾತ್ರೆ ಬಿಡುವಂತಿಲ್ಲವಂತೆ.

ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿಯಾದ,
ಇಸ್ತ್ರಿ ಅಂಗಡಿಯ ಮುದುಕ

ತಾ.ಕ.: ಸಂಜೆ ಮಗಳು ಬಾಗಿಲು ತೆರೆದು ಕೂಸನ್ನು ನನ್ನ ಕೈಗಿಟ್ಟಳು. ಅದರ ಬಿಳಿ ಟೊಪ್ಪಿಗೆಯ ಮೇಲೆ ಕಿತ್ತಳೆ ಹನಿಗಳು ಬಿದ್ದವು. ಬೆವರು ಕಣಮ್ಮಾ ಎಂದೆ. ಚಳಿಗೆ ಮೈಮೇಲೆ ಶಾಲು ಹೊದ್ದಿದ್ದೆ, ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು. ಆ ಒಂದು ಗಳಿಗೆ ತಾವು ರಜೆ ಹಾಕಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು?