ಒಣಗಬೇಕಿದ್ದ ಗದ್ದೆ

ವರದಿಗಾರನಿಗೆ ನೆಂಟರಿರಬಾರದು. ಇದ್ದರೂ ಅವರ ಕಷ್ಟಗಳು ಅವನ ವ್ಯಾಪ್ತಿಯ ತಾಲ್ಲೂಕುಗಳ ಆಚೆಗಿರಬೇಕು. ಕೊಪ್ಪಳದಲ್ಲಿ ಕೂತು ಊರೂರಿನ ಬೆಳೆಹಾನಿಯನ್ನು ನಿರಾಳವಾಗಿ ಬರೆದ ನನಗೆ, ಗಂಗಾವತಿ ಹತ್ತಿರದ ಒಂದು ತುಂಡು ಗದ್ದೆ ಒಣಗಲಿಲ್ಲವೆಂದು ಊಟ ಸೇರದಂತಾಯಿತು. ನೀವು ಸರಿಯಾಗಿಯೇ ಓದಿದ್ದೀರಿ, ಒಣಗಲಿಲ್ಲವೆಂದು.

ಗದ್ದೆ ನನ್ನ ಹೆಂಡತಿಯ ತವರಿನವರದು. ಅಲ್ಲಿ ಸಂಶೋಧನೆಗೆ ಇಳಿದಿದ್ದವಳು ಯಲಬುರ್ಗಾದ ನನ್ನ ಅಕ್ಕನ ಮಗಳು ಶಶಿಕಲಾ. ಮಳೆ ನಂಬಿದ ಎರೆಹೊಲದಲ್ಲಿ ಬೆಳೆದ ಹುಡುಗಿ ಪಿಎಚ್‌.ಡಿ.ಗೆ ಆರಿಸಿಕೊಂಡದ್ದು ನಿಂತ ನೀರನ್ನು. ನೀರು ನಿಂತ ಭತ್ತದ ಗದ್ದೆಯಿಂದ ಮೀಥೇನ್ ಅನಿಲ ಏಳುತ್ತದೆ, ಅದು ಭೂಮಿಯ ಬಿಸಿ ಹೆಚ್ಚಿಸುತ್ತದೆ. ನಡುನಡುವೆ ಗದ್ದೆ ಒಣಗಿಸಿದರೆ ಅದು ಎಷ್ಟು ಕಡಿಮೆಯಾಗುತ್ತದೆ ಎಂದು ಅವಳು ಅಳೆಯಬೇಕಿತ್ತು. ಅದಕ್ಕೆ ಗದ್ದೆಯ ಒಂದು ಮಡಿಯಲ್ಲಿ ಸದಾ ನೀರಿರಬೇಕು, ಪಕ್ಕದ ಮಡಿ ಆಗಾಗ ಒಣಗಬೇಕು. ಎರಡರಲ್ಲೂ ಪೈರಿನ ಮೇಲೆ ಪ್ಲಾಸ್ಟಿಕ್ ಪೆಟ್ಟಿಗೆ ಮುಚ್ಚಿ, ಸಿರಿಂಜಿನಿಂದ ಗಾಳಿ ಎಳೆದುಕೊಳ್ಳುವಳು. ಶಿಷ್ಯವೇತನ ಈ ವರ್ಷಕ್ಕೇ ಕೊನೆ. ಅಷ್ಟರಲ್ಲಿ ಒಂದು ಬೆಳೆಯ ಅಳತೆ ಕೈಗೆ ಬರದಿದ್ದರೆ ಪದವಿಯೂ ಅಲ್ಲಿಗೇ ನಿಲ್ಲುತ್ತಿತ್ತು.

ಮೇಲಿನ ಗದ್ದೆಯ ಹನುಮಂತಪ್ಪ ಮೊದಲ ದಿನವೇ ಸಿರಿಂಜು ನೋಡಿ, "ಗದ್ದಿಗೆ ಜ್ವರ ಬಂದಾವೇನವ್ವಾ?" ಎಂದು ಕೇಳಿದ್ದ.

"ಗದ್ದಿಗಲ್ಲ ಕಾಕಾ, ಭೂಮಿಗೆ."

"ಹಂಗಾರ ಸೂಜಿ ಭಾಳ ಸಣ್ಣದಾತು ಬಿಡು."

ಕಾಲುವೆ ಸೀಮೆಯಲ್ಲಿ ಒಣಗಿದ ಗದ್ದೆ ಎಂದರೆ ಯಾರದೋ ನೀರಿನ ಪಾಳಿ ತಪ್ಪಿದೆ ಎಂದರ್ಥ. ಕಂಡವರು ಸುಮ್ಮನೆ ಹೋಗುವುದಿಲ್ಲ. ಶಶಿಕಲಾ ಯಲಬುರ್ಗಾಕ್ಕೆ ಹೋಗಿ ಬರುವಷ್ಟರಲ್ಲಿ, ಒಣಗಬೇಕಿದ್ದ ಮಡಿ ತುಂಬಿ ತುಳುಕುತ್ತಿತ್ತು. ಹನುಮಂತಪ್ಪ ಬದು ಕಡಿದು ತನ್ನ ಪಾಳಿಯ ನೀರನ್ನೇ ಬಿಟ್ಟಿದ್ದ. ನಾನೇ ಹೋಗಿ ತಿಳಿಸಿ ಹೇಳಿದೆ, ಒಪ್ಪಿದ. ಮಣ್ಣು ಮತ್ತೆ ಬಿರುಕು ಬಿಡುವ ಹೊತ್ತಿಗೆ ಮತ್ತೆ ನೀರು.

"ನಾ ಏನ್ ಮಾಡ್ಲಿರಿ ಸಾಹೇಬ್ರ," ಎಂದ. "ಹಾದ್ಯಾಗ ಹೋಗೋ ಮಂದಿ ನಿಂತು ನೋಡತಾರ. ಮ್ಯಾಲಿನ ಹನುಮಂತಪ್ಪ ಹೆಣ್ಣುಮಗಳ ನೀರು ಕಟ್ಯಾನ ಅಂತಾರ. ಒಬ್ಬೊಬ್ಬರನ್ನ ನಿಲ್ಲಿಸಿ ಮೀಥೇನು ಮೀಥೇನು ಅಂತ ಹೇಳಕೋತ ಕುಂದರ್ಲೇನು? ನನ್ನ ಮಗಳಿಗೆ ವರ ನೋಡಾಕತ್ತೀವ್ರಿ. ನೀರು ಕದಿಯೋರ ಮನಿ ಅಂತ ಬೀಗರು ತಿರುಗಿ ಹೋದ್ರ?"

ಕೊನೆಯ ಮಾತು ಶಶಿಕಲಾಳ ಪಿಎಚ್‌.ಡಿ. ಗೈಡ್ ಕಡೆಯಿಂದ ಬಂತು. ಎರಡೂ ಮಡಿಗಳ ಅಂಕಿಗಳಲ್ಲಿ ವ್ಯತ್ಯಾಸವೇ ಇಲ್ಲ, ಎರಡನೇ ಬೆಳೆಯಲ್ಲಿ ಮೊದಲಿಂದ ಮಾಡು, ಅದೇ ಕೊನೆಯ ಅವಕಾಶ ಎಂದರು. ಹನುಮಂತಪ್ಪನ ಮಾನ ಉಳಿಯಲೆಂದು ಹಾದಿಬದಿಗೆ ನಾನೊಂದು ಬೋರ್ಡು ಬರೆಸಿದೆ: "ಈ ಗದ್ದೆಯನ್ನು ಬೇಕೆಂದೇ ಒಣಗಿಸಲಾಗಿದೆ."

ಬೋರ್ಡಿನ ಬಣ್ಣ ಆರುವ ಮೊದಲೇ, ಜಲಾಶಯದಲ್ಲಿ ನೀರು ಸಾಲದು, ಎರಡನೇ ಬೆಳೆಗೆ ಕಾಲುವೆ ಬಿಡುವುದಿಲ್ಲ ಎಂದು ನೀರಾವರಿ ಸಮಿತಿಯ ಸಭೆಯಲ್ಲಿ ತೀರ್ಮಾನವಾಯಿತು. ಇನ್ನು ಸೀಮೆಯ ಗದ್ದೆಗಳೆಲ್ಲ ಒಣಗುವವು, ಹೋಲಿಸಿ ನೋಡಲು ನೀರು ನಿಂತ ಮಡಿಯೊಂದೂ ಇರುವುದಿಲ್ಲ. ಆ ಸಭೆಯ ವರದಿ ಬರೆದವನು ನಾನೇ. ಮರುದಿನ ಬೆಳಿಗ್ಗೆ ಶಶಿಕಲಾಳ ಫೋನು ಬಂತು.

"ಮಾಮಾ, ನಿಮ್ಮ ಪೇಪರ್‌ನ್ಯಾಗ ಬರೋದು ಅರ್ಧ ಸುಳ್ಳು ಅಂತ ಅವ್ವ ಯಾವಾಗ್ಲೂ ಅಂತಾಳ. ಇದರಾಗ ಯಾವ ಅರ್ಧರಿ?"

ಪತ್ರಿಕೆ ಹರವಿಕೊಂಡು ಸಾಲು ಸಾಲಾಗಿ ಓದಿದೆ. ನನ್ನ ವರದಿಯಲ್ಲಿ ದೊಡ್ಡದೊಂದು ತಪ್ಪಿರಲಿ ಎಂದು ಜೀವಮಾನದಲ್ಲಿ ಮೊದಲ ಸಲ ಹಾರೈಸಿದೆ. ಇರಲಿಲ್ಲ. ಮಧ್ಯಾಹ್ನ ಪತ್ರಿಕೆಯ ಡೆಸ್ಕಿನವರು ಫೋನ್ ಮಾಡಿ, ಇಷ್ಟು ಅಚ್ಚುಕಟ್ಟಾದ ವರದಿ ನಿಮ್ಮಿಂದ ಬಂದದ್ದು ಇದೇ ಮೊದಲು ಎಂದು ಮೆಚ್ಚಿದರು. ಧನ್ಯವಾದ ಹೇಳಿದೆ.